ಅಜ್ಜಿ ಮನೆಗೆ ಬಂದವರೂ ಪ್ರವಾಸಿಗರೇ: ಮೊರಾಕೊ ಪ್ರವಾಸೋದ್ಯಮದ ಲೆಕ್ಕ

ಜುಲೈ ಕೊನೆಯ ವಾರ. ಸ್ಪೇನಿನ ದಕ್ಷಿಣ ತುದಿಯ ಅಲ್ಜೆಸಿರಾಸ್ ಬಂದರಿನಲ್ಲಿ ಕಾರುಗಳ ಉದ್ದ ಸಾಲು. ನಂಬರ್ ಪ್ಲೇಟ್ ನೋಡಿದರೆ ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್. ಕಾರಿನ ತಲೆ ಮೇಲೆ ಕಾರಿನಷ್ಟೇ ಎತ್ತರದ ಗಂಟು. ಅದರಲ್ಲಿ ಹಾಸಿಗೆ, ಸೈಕಲ್, ಕಂಬಳಿ, ಕೆಲವೊಮ್ಮೆ ಹಳೇ ಫ್ರಿಜ್. ಹಿಂದಿನ ಸೀಟಿನಲ್ಲಿ ದೂರದ ಪ್ರಯಾಣದಿಂದ ರೋಸಿಹೋದ ಮಕ್ಕಳು. ಎದುರಿಗೆ ಜಿಬ್ರಾಲ್ಟರ್ ಜಲಸಂಧಿ. ತೀರಾ ಇಕ್ಕಟ್ಟಾದ ಕಡೆ ಅದರ ಅಗಲ ಬರೀ 14 ಕಿಲೋಮೀಟರ್. ಆಚೆ ದಡ ಮೊರಾಕೊ.

ಈ ಕಾರುಗಳಲ್ಲಿರುವವರು ಊರಿಗೆ ಹೊರಟವರು. ಯೂರೋಪಿನಲ್ಲಿ ದುಡಿಯುವ ಮೊರಾಕೊದವರು, ಅವರ ಮಕ್ಕಳು, ಮೊಮ್ಮಕ್ಕಳು. ಪ್ರತಿ ಬೇಸಿಗೆಯಲ್ಲೂ ಇವರಿಗಾಗಿಯೇ ಮೊರಾಕೊ ಸರ್ಕಾರ ‘ಮರ್ಹಬಾ’ ಅನ್ನುವ ಕಾರ್ಯಾಚರಣೆ ನಡೆಸುತ್ತದೆ. ಮರ್ಹಬಾ ಅಂದರೆ ಸ್ವಾಗತ. ದಾರಿಯುದ್ದಕ್ಕೂ ನೆರಳು, ನೀರು, ವೈದ್ಯರು, ಕಾಗದಪತ್ರಕ್ಕೆ ಸಹಾಯ. ಒಂದೊಂದು ಬೇಸಿಗೆಗೆ 30 ಲಕ್ಷಕ್ಕೂ ಜಾಸ್ತಿ ಜನ ಈ ವ್ಯವಸ್ಥೆಯಡಿ ಬರುತ್ತಾರೆ.

ಸ್ವಾರಸ್ಯ ಏನೆಂದರೆ, ಮೊರಾಕೊದ ಸರ್ಕಾರಿ ಲೆಕ್ಕದಲ್ಲಿ ಇವರೆಲ್ಲ ಪ್ರವಾಸಿಗರು.

2024ರಲ್ಲಿ ಮೊರಾಕೊಗೆ 1 ಕೋಟಿ 74 ಲಕ್ಷ ಪ್ರವಾಸಿಗರು ಬಂದರು. ಪಿರಮಿಡ್ಡುಗಳ ಈಜಿಪ್ಟನ್ನೂ ಹಿಂದೆ ಹಾಕಿ ಆಫ್ರಿಕಾದಲ್ಲೇ ಅತಿ ಹೆಚ್ಚು ಪ್ರವಾಸಿಗರು ಬರುವ ದೇಶ ಅನ್ನಿಸಿಕೊಂಡಿತು. ದೇಶದ ಜನಸಂಖ್ಯೆಯೇ 3 ಕೋಟಿ 68 ಲಕ್ಷ. ಆದರೆ ಆ 1 ಕೋಟಿ 74 ಲಕ್ಷದಲ್ಲಿ ಸುಮಾರು 86 ಲಕ್ಷ ಮಂದಿ ಹೊರದೇಶದಲ್ಲಿ ನೆಲೆಸಿರುವ ಮೊರಾಕೊದವರೇ. ಅಂದರೆ ಹತ್ತಿರ ಹತ್ತಿರ ಅರ್ಧ.

ಇದರಲ್ಲಿ ಮೋಸ ಇಲ್ಲ. ಪ್ರವಾಸಿ ಯಾರು ಅನ್ನುವುದಕ್ಕೆ ವಿಶ್ವಸಂಸ್ಥೆಯ ವ್ಯಾಖ್ಯೆಯೇ ಹಾಗಿದೆ. ತಾನು ವಾಸಿಸುವ ದೇಶದ ಗಡಿ ದಾಟಿ ಬಂದಿರಬೇಕು. ಕನಿಷ್ಠ ಒಂದು ರಾತ್ರಿ ತಂಗಬೇಕು. ಒಂದು ವರ್ಷದೊಳಗೆ ಹೊರಡಬೇಕು. ಪಾಸ್‌ಪೋರ್ಟ್ ಯಾವ ಬಣ್ಣದ್ದು ಅನ್ನುವುದು ಮುಖ್ಯವಲ್ಲ, ಮನೆ ಎಲ್ಲಿದೆ ಅನ್ನುವುದು ಮುಖ್ಯ. ದುಬೈಯಲ್ಲಿ ಕೆಲಸ ಮಾಡುವ ಕುಂದಾಪುರದವರು ರಜೆಗೆ ಊರಿಗೆ ಬಂದಾಗ ನಮ್ಮ ಸರ್ಕಾರವೂ ಹಾಗೇ ಎಣಿಸುತ್ತದೆ. ವಿದೇಶಿಯರು ಬೇರೆ, ಅನಿವಾಸಿ ಭಾರತೀಯರು ಬೇರೆ ಅಂತ ಲೆಕ್ಕ ಹಾಕಿ, ಎರಡನ್ನೂ ಕೂಡಿಸಿ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಅಂತ 2014ರಿಂದ ಕೊಡುತ್ತಿದೆ.

ಹಾಗಾದರೆ ತೊಂದರೆ ಎಲ್ಲಿ? ತಲೆ ಎಣಿಸುವುದು ಸುಲಭ. ಆ ತಲೆಯಿಂದ ಯಾರ ಜೇಬಿಗೆ ಎಷ್ಟು ಬಿತ್ತು ಅಂತ ಹೇಳುವುದು ಕಷ್ಟ. ಸುದ್ದಿಯಲ್ಲಿ ಬರುವುದು ಮೊದಲನೆಯದು. ದೇಶಕ್ಕೆ ಬೇಕಾದದ್ದು ಎರಡನೆಯದು. ಮೊರಾಕೊದ ಕಥೆ ಪೂರ್ತಿ ಇವೆರಡರ ನಡುವಿನ ಅಂತರದಲ್ಲೇ ಇದೆ.

ಹೋಟೆಲಿನ ರಾತ್ರಿಗಳು ಎಲ್ಲಿ ಹೋದವು?

ಒಂದು ಸಣ್ಣ ಭಾಗಾಕಾರ ಮಾಡಿ. 2024ರಲ್ಲಿ ಮೊರಾಕೊದ ನೋಂದಾಯಿತ ಹೋಟೆಲು, ವಸತಿಗೃಹಗಳಲ್ಲಿ ಜನ ಕಳೆದ ರಾತ್ರಿಗಳ ಒಟ್ಟು ಸಂಖ್ಯೆ 3 ಕೋಟಿಯನ್ನೂ ಮುಟ್ಟಲಿಲ್ಲ. ಅದರಲ್ಲಿ ಸ್ಥಳೀಯರು ತಂಗಿದ ರಾತ್ರಿಗಳೂ ಸೇರಿವೆ. ಬಂದ 1 ಕೋಟಿ 74 ಲಕ್ಷ ಜನಕ್ಕೆ ಹಂಚಿದರೆ ತಲೆಗೆ ಎರಡು ರಾತ್ರಿಯೂ ಬರುವುದಿಲ್ಲ. ಅಷ್ಟು ದೂರದಿಂದ ಬಂದು ಎರಡೇ ರಾತ್ರಿಗೆ ಯಾರಾದರೂ ವಾಪಸ್ ಹೋಗುತ್ತಾರಾ?

ಇಲ್ಲ. ಅವರು ಬೇರೆ ಕಡೆ ಮಲಗಿದ್ದಾರೆ, ಅಷ್ಟೇ. ಊರಿಗೆ ಬಂದವರು ತಮ್ಮದೇ ಮನೆಯಲ್ಲಿ, ಅಕ್ಕನ ಮನೆಯಲ್ಲಿ, ಅಜ್ಜಿ ಮನೆಯಲ್ಲಿ. ವಿದೇಶಿಯರಲ್ಲಿ ಒಂದಷ್ಟು ಜನ ಆನ್‌ಲೈನ್‌ನಲ್ಲಿ ಬುಕ್ ಮಾಡಿದ ಬಾಡಿಗೆ ಫ್ಲ್ಯಾಟುಗಳಲ್ಲಿ.

ಊರಿಗೆ ಬಂದವರು ಖರ್ಚೇ ಮಾಡುವುದಿಲ್ಲ ಅಂದುಕೊಳ್ಳಬೇಡಿ. ಅವರ ಖರ್ಚಿನ ದಾರಿ ಬೇರೆ. ಹೋಟೆಲಿಗೆ ಕೊಡುವ ದುಡ್ಡನ್ನು ಅವರು ಮನೆಗೆ ಟೈಲ್ಸ್ ಹಾಕಿಸಲು, ತಂಗಿ ಮದುವೆ ಮಾಡಲು, ಕುರಿ ಕೊಳ್ಳಲು, ಊರಿನ ಗ್ಯಾರೇಜಿನಲ್ಲಿ ಕಾರು ರಿಪೇರಿ ಮಾಡಿಸಲು ಬಳಸುತ್ತಾರೆ. ಆಗಸ್ಟ್‌ನಲ್ಲಿ ಮೊರಾಕೊದ ಮದುವೆ ಹಾಲ್‌ಗಳು ತುಂಬುವುದು ಇದೇ ಕಾರಣಕ್ಕೆ. ಈ ದುಡ್ಡು ಹೋಗುವ ಊರುಗಳು ಯಾವ ಪ್ರವಾಸಿ ಕೈಪಿಡಿಯಲ್ಲೂ ಇರುವುದಿಲ್ಲ. ಉತ್ತರದ ರಿಫ್ ಬೆಟ್ಟದ ನಾಡೋರ್ ಇರಬಹುದು, ಒಳನಾಡಿನ ಬೆನಿ ಮೆಲ್ಲಾಲ್ ಇರಬಹುದು. ನನ್ನ ಮಟ್ಟಿಗೆ ಮೊರಾಕೊ ಪ್ರವಾಸೋದ್ಯಮದ ಅತಿ ಸಮಾನವಾದ ಹಂಚಿಕೆ ನಡೆಯುವುದು ಇಲ್ಲೇ.

ಕಿತ್ತಳೆ ಹಣ್ಣಿನ ರಫ್ತು

ಪ್ರವಾಸಿ ಒಂದು ದೇಶಕ್ಕೆ ಯಾಕೆ ಅಷ್ಟು ಮುಖ್ಯ? ಹೋಟೆಲಿನವರಿಗೆ ಲಾಭ ಅನ್ನುವುದು ಮೇಲುಮೇಲಿನ ಉತ್ತರ. ಒಳಗಿನ ಉತ್ತರ ವಿದೇಶಿ ವಿನಿಮಯ.

ಮೊರಾಕೊದಲ್ಲಿ ಪೆಟ್ರೋಲಿಯಂ ಇಲ್ಲ ಅನ್ನುವಷ್ಟು ಕಡಿಮೆ. ಮಳೆ ಕೈಕೊಟ್ಟ ವರ್ಷ ಗೋಧಿಯನ್ನೂ ಹೊರಗಿಂದ ತರಬೇಕು. ಇದಕ್ಕೆಲ್ಲ ಡಾಲರ್, ಯೂರೋ ಬೇಕು. 2024ರಲ್ಲಿ ಸರಕುಗಳ ಆಮದು, ರಫ್ತಿನ ನಡುವಿನ ಕೊರತೆ 30,000 ಕೋಟಿ ದಿರ್ಹಮ್ ದಾಟಿತ್ತು. ಒಂದು ದಿರ್ಹಮ್ ಅಂದರೆ ಆಗ ಎಂಟೂವರೆ ರೂಪಾಯಿ ಆಸುಪಾಸು. ಈ ಗುಂಡಿಯನ್ನು ತುಂಬುವುದು ಹೇಗೆ?

ದೇಶಕ್ಕೆ ವಿದೇಶಿ ಹಣ ತರುವ ದೊಡ್ಡ ದಾರಿಗಳು ನಾಲ್ಕು. ಮೊದಲನೆಯದು ಫಾಸ್ಫೇಟ್. ಜಗತ್ತಿನಲ್ಲಿ ಗೊತ್ತಿರುವ ಫಾಸ್ಫೇಟ್ ಶಿಲೆಯ ನಿಕ್ಷೇಪದಲ್ಲಿ ಶೇ. 70ರಷ್ಟು ಮೊರಾಕೊದ ಹಿಡಿತದಲ್ಲೇ ಇದೆ. ನಮ್ಮ ರೈತರು ಹೊಲಕ್ಕೆ ಚೆಲ್ಲುವ ಡಿಎಪಿ ಗೊಬ್ಬರದ ಹಿಂದೆಯೂ ಎಷ್ಟೋ ಸಲ ಮೊರಾಕೊದ ಮಣ್ಣಿದೆ. ಎರಡನೆಯದು ಕಾರು. ಟ್ಯಾಂಜಿಯರ್, ಕೆನಿತ್ರಾ ಕಾರ್ಖಾನೆಗಳಿಂದ ಯೂರೋಪಿಗೆ ಹಡಗಿನಲ್ಲಿ ಹೋಗುತ್ತವೆ. ಮೂರನೆಯದು ಹೊರದೇಶದಲ್ಲಿರುವವರು ಮನೆಗೆ ಕಳಿಸುವ ಹಣ. ನಾಲ್ಕನೆಯದು ಪ್ರವಾಸಿಗರು.

2024ರಲ್ಲಿ ಪ್ರವಾಸಿಗರಿಂದ ಬಂದ ಆದಾಯ ಸುಮಾರು 11,200 ಕೋಟಿ ದಿರ್ಹಮ್. ನಮ್ಮ ಲೆಕ್ಕದಲ್ಲಿ 90 ಸಾವಿರ ಕೋಟಿ ರೂಪಾಯಿಗೂ ಮೇಲೆ. ಮೇಲೆ ಹೇಳಿದ ಗುಂಡಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದರಿಂದಲೇ ಮುಚ್ಚುತ್ತದೆ.

ಅರ್ಥಶಾಸ್ತ್ರಜ್ಞರು ಇದನ್ನೂ ರಫ್ತು ಅಂತಲೇ ಕರೆಯುತ್ತಾರೆ. ಯಾಕೆ ಅಂತ ಒಂದು ಕಿತ್ತಳೆ ಹಣ್ಣಿನಿಂದ ನೋಡೋಣ. ಸೂಸ್ ಕಣಿವೆಯ ಕಿತ್ತಳೆಯನ್ನು ಯೂರೋಪಿಗೆ ಮಾರಬೇಕಾದರೆ ಆರಿಸಬೇಕು, ಡಬ್ಬಿಗೆ ತುಂಬಬೇಕು, ಶೀತಲ ಲಾರಿಯಲ್ಲಿ ಸಾಗಿಸಬೇಕು, ಸಮುದ್ರ ದಾಟಿಸಬೇಕು, ಅಲ್ಲಿನ ತಪಾಸಣೆ ಪಾಸಾಗಬೇಕು. ಅದೇ ಹಣ್ಣಿನ ರಸ ಕುಡಿಯಲು ಜರ್ಮನಿಯವನು ತಾನೇ ಟಿಕೆಟ್ ತೆಗೆದುಕೊಂಡು ಮರಾಕೆಶ್‌ನ ಜೆಮಾ ಎಲ್-ಫನಾ ಚೌಕಕ್ಕೆ ಬಂದುಬಿಟ್ಟರೆ? ಡಬ್ಬಿ ಬೇಡ, ಲಾರಿ ಬೇಡ. ಯೂರೋ ಮಾತ್ರ ಅದೇ ಯೂರೋ.

ಒಟ್ಟು ದೇಶೀಯ ಉತ್ಪನ್ನದಲ್ಲಿ ಪ್ರವಾಸೋದ್ಯಮದ ಪಾಲು ಸುಮಾರು ಶೇ. 7. ನೇರವಾಗಿ ಈ ಕೆಲಸದಲ್ಲಿರುವವರು 8 ಲಕ್ಷಕ್ಕೂ ಹೆಚ್ಚು. ಇದು ಲೆಕ್ಕಕ್ಕೆ ಸಿಕ್ಕವರು. ಚೌಕದಲ್ಲಿ ಮೆಹಂದಿ ಹಾಕುವ ಹೆಂಗಸು, ಮೂಟೆ ಹೊರುವ ಹೇಸರಗತ್ತೆ ಹೊಡೆಯುವವನು, ಸಂದಿಯಲ್ಲಿ ದಾರಿ ತೋರಿಸಿ ಹತ್ತು ದಿರ್ಹಮ್ ಕೇಳುವ ಹುಡುಗ ಇವರೆಲ್ಲ ಯಾವ ಪಟ್ಟಿಯಲ್ಲಿರುತ್ತಾರೋ ಹೇಳುವುದು ಕಷ್ಟ.

ಆಕಾಶದ ಬಾಗಿಲು ತೆರೆದದ್ದು

ಮೊರಾಕೊ ಪ್ರವಾಸಿಗರನ್ನು ಕರೆಯಲು ಶುರು ಮಾಡಿದ್ದು ಇವತ್ತು ನಿನ್ನೆ ಅಲ್ಲ. 1956ರಲ್ಲಿ ಫ್ರಾನ್ಸ್‌ನಿಂದ ಸ್ವಾತಂತ್ರ್ಯ ಸಿಕ್ಕಿತು. 1960ರ ಫೆಬ್ರವರಿ 29ರ ರಾತ್ರಿ ಅಗಾದಿರ್ ಪಟ್ಟಣ ಭೂಕಂಪದಲ್ಲಿ ನೆಲಸಮವಾಯಿತು. 12 ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಳೇ ಊರಿನ ದಕ್ಷಿಣಕ್ಕೆ ಹೊಸ ಊರು ಕಟ್ಟಿದರು. ಅಗಲ ರಸ್ತೆ, ಉದ್ದ ಕಡಲತೀರ, ಸಾಲು ಹೋಟೆಲು. 1965ರ ಮೂರು ವರ್ಷದ ಯೋಜನೆಯಲ್ಲಿ ಕೃಷಿಯ ಪಕ್ಕದಲ್ಲೇ ಪ್ರವಾಸೋದ್ಯಮಕ್ಕೂ ಆದ್ಯತೆ ಸಿಕ್ಕಿತು. ಇವತ್ತಿಗೂ ಅಗಾದಿರ್ ಅಂದರೆ ಪ್ಯಾಕೇಜ್ ಪ್ರವಾಸ, ಚಳಿಗಾಲದ ಬಿಸಿಲಿಗೆ ಮೈಯೊಡ್ಡುವ ಯೂರೋಪಿಯನ್ನರು.

ದೊಡ್ಡ ಜಿಗಿತ ಬಂದದ್ದು ಹೊಸ ಶತಮಾನದಲ್ಲಿ. 2001ರಲ್ಲಿ ರಾಜ ಆರನೇ ಮೊಹಮ್ಮದ್ ಮರಾಕೆಶ್‌ನಲ್ಲಿ ಒಂದು ಗುರಿ ಘೋಷಿಸಿದರು. 2010ರ ಹೊತ್ತಿಗೆ ಒಂದು ಕೋಟಿ ಪ್ರವಾಸಿಗರು. ಅದಕ್ಕಾಗಿ ‘ಪ್ಲಾನ್ ಅಜೂರ್’ ಹೆಸರಿನಲ್ಲಿ ಆರು ಹೊಸ ಕಡಲತೀರ ರೆಸಾರ್ಟ್‌ಗಳ ಯೋಜನೆ ಹಾಕಿದರು. ಎಲ್ಲರ ಕಣ್ಣು ಆ ರೆಸಾರ್ಟ್‌ಗಳ ಮೇಲಿತ್ತು. ಕೆಲಸ ಮಾಡಿದ್ದು ಮಾತ್ರ ಬೇರೆಯೇ ಒಂದು ಕಾಗದ.

ಆ ಕಾಗದಕ್ಕೆ 2006ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಸಹಿ ಬಿತ್ತು. ಯೂರೋಪಿಯನ್ ಒಕ್ಕೂಟದ ಜೊತೆ ‘ಮುಕ್ತ ಆಕಾಶ’ ಒಪ್ಪಂದ. ಯೂರೋಪಿನ ಹೊರಗಿನ ದೇಶವೊಂದು ಒಕ್ಕೂಟದ ಜೊತೆ ಇಂಥ ಒಪ್ಪಂದ ಮಾಡಿಕೊಂಡದ್ದು ಅದೇ ಮೊದಲು. ಅದಕ್ಕೂ ಮುಂಚೆ ಎರಡು ದೇಶಗಳ ನಡುವೆ ಯಾವ ಕಂಪನಿ, ವಾರಕ್ಕೆ ಎಷ್ಟು ಸಲ, ಯಾವ ಊರಿಂದ ಯಾವ ಊರಿಗೆ ಹಾರಬೇಕು ಅನ್ನುವುದೆಲ್ಲ ಸರ್ಕಾರಗಳು ಕೂತು ಮಾತಾಡಿ ತೀರ್ಮಾನಿಸಬೇಕಿತ್ತು. ಮುಕ್ತ ಆಕಾಶ ಬಂದ ಮೇಲೆ ಒಕ್ಕೂಟದ ಯಾವ ವಿಮಾನ ಕಂಪನಿಯಾದರೂ ತನ್ನ ಯಾವ ಊರಿಂದಾದರೂ ಮೊರಾಕೊದ ಯಾವ ಊರಿಗಾದರೂ ಹಾರಬಹುದು. ದರ ಅವರಿಷ್ಟ.

ರಯನ್‌ಏರ್, ಈಸಿಜೆಟ್‌ನಂಥ ಅಗ್ಗದ ವಿಮಾನಗಳು ಇಳಿಯತೊಡಗಿದವು. ಇದರಿಂದ ಆದ ಬದಲಾವಣೆ ಬರೀ ಸಂಖ್ಯೆಯದ್ದಲ್ಲ. ಮೊದಲು ಮೊರಾಕೊಗೆ ಹೋಗಬೇಕು ಅಂದರೆ ಟೂರ್ ಕಂಪನಿಯ ಹತ್ತಿರ ವಾರದ, ಎರಡು ವಾರದ ಪ್ಯಾಕೇಜ್ ಕೊಳ್ಳಬೇಕಿತ್ತು. ಈಗ ಪ್ಯಾರಿಸ್ಸಿನ ಒಬ್ಬಳು ಗುರುವಾರ ರಾತ್ರಿ ಫೋನಿನಲ್ಲಿ ಟಿಕೆಟ್ ತೆಗೆದು, ಶುಕ್ರವಾರ ಮರಾಕೆಶ್‌ನಲ್ಲಿಳಿದು, ಭಾನುವಾರ ವಾಪಸ್ ಹೋಗಬಹುದು. ಮೂರೂವರೆ ಗಂಟೆಯ ಹಾರಾಟ. ವಾರಾಂತ್ಯಕ್ಕೆ ಬರುವವಳಿಗೆ ಕಡಲತೀರದ ರೆಸಾರ್ಟ್ ಬೇಡ. ಅವಳಿಗೆ ಬೇಕಾದದ್ದು ಒಂದು ಹಳೇ ಊರು, ಒಳ್ಳೇ ಊಟ, ಫೋಟೋಗೆ ಒಪ್ಪುವ ಒಂದು ಮನೆ.

ಹಾಗಾಗಿ ಕಡಲತೀರದ ಯೋಜನೆ ಸೊರಗಿತು, ಸಮುದ್ರವೇ ಇಲ್ಲದ ಮರಾಕೆಶ್ ಉಬ್ಬಿತು. ಇವತ್ತು ಹೋಟೆಲ್ ರಾತ್ರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಾಕೆಶ್ ಮತ್ತು ಅಗಾದಿರ್ ಎರಡೇ ಊರಿನ ಪಾಲು. ಆರು ರೆಸಾರ್ಟ್‌ಗಳಲ್ಲಿ ಈಶಾನ್ಯ ಮೂಲೆಯ ಸಯೀದಿಯಾದ ಸ್ಥಿತಿ ನೋಡಿ. ಬೇಸಿಗೆಯಲ್ಲಿ ಗಿಜಿಗಿಜಿ, ಉಳಿದ ತಿಂಗಳು ಬಿಕೋ. ಅದರ ಪಕ್ಕದಲ್ಲೇ ಅಲ್ಜೀರಿಯಾ ಗಡಿ. ಆ ಗಡಿ 1994ರಿಂದ ಮುಚ್ಚಿದೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಗಿರಾಕಿ ಇದ್ದಾನೆ, ಬರುವ ಹಾಗಿಲ್ಲ. ಅದೇ ಟುನೀಶಿಯಾಗೆ ಪ್ರತಿ ವರ್ಷ ಲಕ್ಷಗಟ್ಟಲೆ ಅಲ್ಜೀರಿಯನ್ನರು ಕಾರಿನಲ್ಲಿ ಹೋಗಿ ರಜೆ ಕಳೆಯುತ್ತಾರೆ.

ತೊಟ್ಟಿಮನೆ ಮಾರಾಟಕ್ಕಿದೆ

ಮರಾಕೆಶ್‌ನ ಹಳೇಪೇಟೆಗೆ ಮದೀನಾ ಅನ್ನುತ್ತಾರೆ. ಸುತ್ತ ಕೆಂಪು ಮಣ್ಣಿನ ಕೋಟೆ ಗೋಡೆ. ಫ್ರೆಂಚರ ಕಾಲದ ಮೊದಲ ಆಡಳಿತಗಾರ ಲಿಯೋಟೆ ಹಳೇ ಊರುಗಳನ್ನು ಕೆಡವದೆ, ಹೊರಗೆ ಹೊಸ ಬಡಾವಣೆ ಕಟ್ಟುವ ನೀತಿ ತಂದಿದ್ದರು. ಯೂರೋಪಿಯನ್ನರು ಹೊಸ ಊರಲ್ಲಿ, ಸ್ಥಳೀಯರು ಹಳೇ ಊರಲ್ಲಿ ಅನ್ನುವ ಭೇದ ಅದರೊಳಗೆ ಇತ್ತು. ಆದರೆ ಇವತ್ತು ಪ್ರವಾಸಿ ನೋಡಲು ಬರುವ ಸಂದಿಗೊಂದಿ ಉಳಿದದ್ದೂ ಅದರಿಂದಲೇ.

ಈ ಸಂದಿಗಳ ಮನೆಗಳು ಹೊರಗಿಂದ ಏನೂ ಅಲ್ಲ. ಕಿಟಕಿ ಇಲ್ಲದ ಗೋಡೆ, ತಗ್ಗಿನ ಬಾಗಿಲು. ಒಳಗೆ ಹೋದರೆ ನಡುವೆ ತೆರೆದ ಅಂಗಳ, ಒಂದು ಕಾರಂಜಿ, ಕಿತ್ತಳೆ ಗಿಡ, ಸುತ್ತ ಕೋಣೆಗಳು. ಇದಕ್ಕೆ ‘ರಿಯಾದ್’ ಅನ್ನುತ್ತಾರೆ. ನಮ್ಮ ತೊಟ್ಟಿಮನೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮ ತೊಟ್ಟಿಗೆ ಮಳೆ ಬೀಳಬೇಕು, ಅವರ ಅಂಗಳಕ್ಕೆ ನೆರಳು ಬೀಳಬೇಕು. ವ್ಯತ್ಯಾಸ ಅಷ್ಟೇ.

ನಮ್ಮ ತೊಟ್ಟಿಮನೆಗಳಿಗೆ ಆದದ್ದೇ ಅವಕ್ಕೂ ಆಯಿತು. ಉಳ್ಳವರು ಕಾರು ನಿಲ್ಲಿಸಲು ಜಾಗ ಇರುವ ಹೊಸ ಬಡಾವಣೆಗೆ ಹೋದರು. ಆಸ್ತಿ ಹತ್ತು ಪಾಲಾಯಿತು. ಒಂದೊಂದು ಮನೆಯಲ್ಲಿ ನಾಲ್ಕೈದು ಬಾಡಿಗೆ ಕುಟುಂಬ ಸೇರಿಕೊಂಡವು. ಚಾವಣಿ ಸೋರಿತು. 1990ರ ದಶಕದ ಕೊನೆಗೆ ಫ್ರೆಂಚರು ಬಂದು ನೋಡಿದಾಗ, ಪ್ಯಾರಿಸ್ಸಿನಲ್ಲಿ ಪುಟ್ಟ ಫ್ಲ್ಯಾಟಿಗೂ ಸಾಲದ ದುಡ್ಡಿಗೆ ಇಲ್ಲಿ ಅಂಗಳವಿರುವ ಇಡೀ ಮನೆ ಸಿಗುತ್ತಿತ್ತು. ಕೊಂಡರು. ರಿಪೇರಿ ಮಾಡಿಸಿದರು. ಐದಾರು ಕೋಣೆಯ ಅತಿಥಿಗೃಹ ಮಾಡಿದರು. ಅದೇ ಹೊತ್ತಿಗೆ ಅಗ್ಗದ ವಿಮಾನವೂ ಬಂತು.

ಇದರಿಂದ ಒಳ್ಳೇದಾಯ್ತಾ ಕೆಟ್ಟದ್ದಾಯ್ತಾ? ಎರಡೂ. ರಿಯಾದ್ ರಿಪೇರಿಗೆ ಸಿಮೆಂಟ್ ಮೇಸ್ತ್ರಿ ಸಾಲದು. ಬಣ್ಣದ ಹೆಂಚನ್ನು ಸುತ್ತಿಗೆಯಿಂದ ಚೂರುಚೂರಾಗಿ ಕತ್ತರಿಸಿ ಜೋಡಿಸುವ ಜೆಲ್ಲಿಜ್ ಕೆಲಸದವರು ಬೇಕು. ಸುಣ್ಣದ ಗಾರೆಯನ್ನು ಕಲ್ಲಿನಿಂದ ಉಜ್ಜಿ, ಕಪ್ಪು ಸಾಬೂನು ಹಚ್ಚಿ ಕನ್ನಡಿಯ ಹಾಗೆ ಮಾಡುವ ತದಲಾಕ್ತ್ ಗೊತ್ತಿರುವವರು ಬೇಕು. ದೇವದಾರು ಮರ ಕೆತ್ತುವವರು ಬೇಕು. ಕೈಬಿಟ್ಟು ಹೋಗಬಹುದಾಗಿದ್ದ ಈ ಕಸುಬುಗಳಿಗೆ ಹೊಸ ಗಿರಾಕಿ ಸಿಕ್ಕ. ಐದು ನಕ್ಷತ್ರದ ಹೋಟೆಲಿಗೆ ಹೋಲಿಸಿದರೆ ರಿಯಾದಿನ ದುಡ್ಡು ಪಕ್ಕದ ಸಂದಿಗೆ ಬೇಗ ಇಳಿಯುತ್ತದೆ. ಅಡುಗೆಯವಳು ಅದೇ ಬೀದಿಯವಳು, ತರಕಾರಿ ಅದೇ ಮಾರ್ಕೆಟ್ಟಿನದ್ದು.

ಇನ್ನೊಂದು ಕಡೆ ನೋಡಿ. ಮದೀನಾದ ಪ್ರತಿ ಮೊಹಲ್ಲಾಕ್ಕೂ ಹಿಂದಿನಿಂದ ಒಂದು ಮಸೀದಿ, ಒಂದು ಕುರಾನ್ ಶಾಲೆ, ಒಂದು ನೀರಿನ ತೊಟ್ಟಿ, ಒಂದು ಹಮ್ಮಾಮ್ ಅಂದರೆ ಸಾರ್ವಜನಿಕ ಬಿಸಿನೀರ ಸ್ನಾನಗೃಹ, ಒಂದು ರೊಟ್ಟಿ ಸುಡುವ ಒಲೆ ಇರುತ್ತಿತ್ತು. ಮನೆಯಲ್ಲಿ ಹಿಟ್ಟು ನಾದಿ, ಮಕ್ಕಳ ಕೈಲಿ ಒಲೆಗೆ ಕಳಿಸುವುದು ರೂಢಿ. ಮರಾಕೆಶ್‌ನ ತಂಜಿಯಾ ಅನ್ನುವ ಮಾಂಸದಡುಗೆ ಬೇಯುವುದೇ ಹಮ್ಮಾಮಿನ ಒಲೆಯ ಬೂದಿಯಲ್ಲಿ. ಮಡಕೆಗೆ ಮಾಂಸ, ಮಸಾಲೆ ತುಂಬಿ ಬೆಳಿಗ್ಗೆ ಕೊಟ್ಟರೆ ಸಂಜೆಗೆ ರೆಡಿ. ಬೀದಿಯ ಮನೆಗಳೆಲ್ಲ ಒಂದೊಂದಾಗಿ ಅತಿಥಿಗೃಹವಾದರೆ ಒಲೆಗೆ ಹಿಟ್ಟು ಕಳಿಸುವವರು ಯಾರು? ಮನೆ ಬೆಲೆ ಏರಿದಾಗ ಮಾರಿದವರಿಗೆ ಲಾಭ. ಬಾಡಿಗೆಗೆ ಇದ್ದವರು ಊರ ಹೊರಗಿನ ಅಪಾರ್ಟ್‌ಮೆಂಟಿಗೆ.

ಜೆಮಾ ಎಲ್-ಫನಾ ಚೌಕದ ಕಥೆಯೂ ಇಲ್ಲೇ ಹೇಳಬೇಕು. ಕಥೆ ಹೇಳುವವರು, ಗ್ನಾವಾ ಹಾಡುಗಾರರು, ಬಸವನಹುಳುವಿನ ಸಾರು ಮಾರುವವರು ಸೇರುವ ಈ ಬಯಲಿನ ಪರವಾಗಿ, ಅಲ್ಲೇ ನೆಲೆಸಿದ್ದ ಸ್ಪ್ಯಾನಿಷ್ ಲೇಖಕ ಹುವಾನ್ ಗೊಯ್ತಿಸೊಲೊ ದನಿಯೆತ್ತಿದರು. 2001ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಮೌಖಿಕ ಪರಂಪರೆ ಅಂತ ಘೋಷಿಸಿತು. ಕಲ್ಲು ಕಟ್ಟಡಕ್ಕಲ್ಲ, ಅಲ್ಲಿ ಕೂತು ಮಾತಾಡುವ ಜನಕ್ಕೆ ಸಿಕ್ಕ ಮನ್ನಣೆ ಅದು. ಇದನ್ನು ಓದುವಾಗ ನನಗೆ ಹಂಪಿ ಬಜಾರ್ ನೆನಪಾಗುತ್ತದೆ. 2011ರಲ್ಲಿ ಅಲ್ಲಿ ಕಲ್ಲುಮಂಟಪ ಉಳಿಸಲು ಒಳಗಿದ್ದ ಅಂಗಡಿ, ಮನೆ ತೆರವು ಮಾಡಿದರು. ಆದರೂ ಮರಾಕೆಶ್‌ನಲ್ಲೂ ಕಥೆಗಾರರು ಕಮ್ಮಿಯಾಗುತ್ತಿದ್ದಾರೆ. ಅರಬ್ಬಿ ಗೊತ್ತಿಲ್ಲದ ಪ್ರವಾಸಿ ಕಥೆ ಮುಂದೆ ನಿಲ್ಲುವುದಿಲ್ಲ. ಹಾವಾಡಿಗನ ಮುಂದೆ ನಿಲ್ಲುತ್ತಾನೆ.

ಸೋರಿಕೆ

ಇನ್ನು ಸೋರಿಕೆಯ ವಿಷಯ. ಅಂದರೆ ಪ್ರವಾಸಿ ಕೊಟ್ಟ ದುಡ್ಡು ದೇಶದೊಳಗೆ ಉಳಿಯದೆ ಹೊರಗೆ ಹೋಗುವುದು. ಲಂಡನ್ನಿನ ದಂಪತಿ ಅಗಾದಿರ್‌ಗೆ ಎಲ್ಲವೂ ಸೇರಿದ ಪ್ಯಾಕೇಜ್ ಕೊಳ್ಳುತ್ತಾರೆ ಅಂದುಕೊಳ್ಳಿ. ಕೊಂಡದ್ದು ಬ್ರಿಟಿಷ್ ಕಂಪನಿಯಿಂದ. ಅದರ ಲಾಭ ಅಲ್ಲೇ ಉಳಿಯಿತು. ವಿಮಾನ ಅವರದ್ದೇ. ಟಿಕೆಟ್ ದುಡ್ಡು ಮೊರಾಕೊಗೆ ಬರಲೇ ಇಲ್ಲ. ಹೋಟೆಲಿಗೆ ವಿದೇಶಿ ಬ್ರ್ಯಾಂಡಿನ ಹೆಸರಿದ್ದರೆ ಅದಕ್ಕೊಂದು ಶುಲ್ಕ ಹೊರಗೆ ಹೋಯಿತು. ಬಾರಿನ ವಿಸ್ಕಿ, ಅಡುಗೆಮನೆಯ ಯಂತ್ರ ಆಮದು. ಊಟ ತಿಂಡಿ ಒಳಗೇ ಪುಕ್ಕಟೆ ಇರುವುದರಿಂದ ಅವರು ಹೊರಗೆ ಕಾಲಿಡುವುದೂ ಕಮ್ಮಿ. ಉಳಿದದ್ದು ಸಂಬಳ, ತರಕಾರಿ, ತೆರಿಗೆ.

ಇಂಥ ಮಾದರಿಗೆ ಅಂಟಿಕೊಂಡರೆ ಏನಾಗುತ್ತದೆ ಅಂತ ಟುನೀಶಿಯಾ ನೋಡಿದೆ. ಅಲ್ಲಿ 2015ರಲ್ಲಿ ಮೊದಲು ಬಾರ್ದೊ ಮ್ಯೂಸಿಯಂ, ಆಮೇಲೆ ಸೂಸ್ ಪಟ್ಟಣದ ಕಡಲತೀರದಲ್ಲಿ ದಾಳಿಗಳಾದವು (ಕಿತ್ತಳೆಯ ಸೂಸ್ ಕಣಿವೆ ಬೇರೆ, ಅದು ಮೊರಾಕೊದ್ದು). ಸೂಸ್‌ನಲ್ಲಿ ಸತ್ತ 38 ಜನರಲ್ಲಿ 30 ಮಂದಿ ಬ್ರಿಟಿಷರು. ಬ್ರಿಟನ್ ತನ್ನವರಿಗೆ ಹೋಗಬೇಡಿ ಅಂದಿತು. ಟೂರ್ ಕಂಪನಿಗಳು ಕೈಯೆತ್ತಿದವು. ಹೋಟೆಲುಗಳು ಖಾಲಿಯಾದವು. ಮೊರಾಕೊ ಆ ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು. ಟಿಕೆಟ್ ಒಬ್ಬರದ್ದು, ರಿಯಾದ್ ಇನ್ನೊಬ್ಬರದ್ದು, ಮರಳುಗಾಡಿನ ಡೇರೆ ಮತ್ತೊಬ್ಬರದ್ದು. ಅಲ್ಲೂ ದಾಳಿಗಳಾಗಿವೆ. 2011ರಲ್ಲಿ ಜೆಮಾ ಎಲ್-ಫನಾದ ಕೆಫೆಯೊಂದರಲ್ಲಿ ಬಾಂಬ್ ಸಿಡಿದು 17 ಜನ ಸತ್ತರು. ಆದರೆ ನೂರಾರು ಸಣ್ಣ ಕೈಗಳಲ್ಲಿ ಹಂಚಿಹೋದ ವ್ಯಾಪಾರವನ್ನು ಒಂದು ಟೂರ್ ಕಂಪನಿಯ ತೀರ್ಮಾನ ಮುಳುಗಿಸಲು ಆಗುವುದಿಲ್ಲ.

ಎರಡು ಪೆಟ್ಟು

ಕೋವಿಡ್ ಮಾತ್ರ ಎಲ್ಲರನ್ನೂ ಮುಳುಗಿಸಿತು. 2019ರಲ್ಲಿ 1 ಕೋಟಿ 29 ಲಕ್ಷ ಇದ್ದ ಪ್ರವಾಸಿಗರು 2020ರಲ್ಲಿ 28 ಲಕ್ಷಕ್ಕೆ ಇಳಿದರು. ಪಟ್ಟಿಯಲ್ಲಿದ್ದ ನೌಕರರಿಗೆ ಸರ್ಕಾರ ತಿಂಗಳಿಗೆ 2,000 ದಿರ್ಹಮ್ ಕೊಟ್ಟಿತು. ಪಟ್ಟಿಯ ಹೊರಗಿದ್ದವರಿಗೆ ಸಿಕ್ಕಿದ್ದು ಕುಟುಂಬದ ಗಾತ್ರ ನೋಡಿ 800ರಿಂದ 1,200 ದಿರ್ಹಮ್, ಅದೂ ಕೆಲವೇ ಕಂತು.

ಚೇತರಿಕೆಯ ಅಂಕಿ ಕುತೂಹಲದ್ದು. 2022ರಲ್ಲಿ ಬಂದವರು 1 ಕೋಟಿ 9 ಲಕ್ಷ. 2019ಕ್ಕಿಂತ 20 ಲಕ್ಷ ಕಮ್ಮಿ. ಆದಾಯ ಮಾತ್ರ 7,870 ಕೋಟಿ ದಿರ್ಹಮ್‌ನಿಂದ 9,360 ಕೋಟಿಗೆ ಏರಿತ್ತು. ಕಮ್ಮಿ ಜನ, ಜಾಸ್ತಿ ದುಡ್ಡು. ಬೆಲೆ ಏರಿಕೆಯ ಪಾಲು ಇದರಲ್ಲಿ ಇದ್ದೇ ಇದೆ. ಜೊತೆಗೆ ಎರಡು ವರ್ಷ ಮನೆಯಲ್ಲಿ ಕೂತವರು ಕೈ ಬಿಚ್ಚಿ ಖರ್ಚು ಮಾಡಿದರು. ಸಂಖ್ಯೆ ಮತ್ತು ದುಡ್ಡು ಯಾವಾಗಲೂ ಜೊತೆಜೊತೆಗೆ ನಡೆಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ಅಲ್ವಾ?

ಎರಡನೇ ಪೆಟ್ಟು 2023ರ ಸೆಪ್ಟೆಂಬರ್ 8ರ ರಾತ್ರಿ. ಮರಾಕೆಶ್‌ನ ದಕ್ಷಿಣಕ್ಕೆ ಅಲ್ ಹೌಜ್ ಬೆಟ್ಟಗಳಲ್ಲಿ 6.8 ತೀವ್ರತೆಯ ಭೂಕಂಪ. ಸತ್ತವರು ಹತ್ತಿರ ಹತ್ತಿರ 3,000. ಅಕ್ಟೋಬರ್‌ನಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್‌ನ ವಾರ್ಷಿಕ ಸಭೆ ಮರಾಕೆಶ್‌ನಲ್ಲೇ ನಡೆಯಬೇಕಿತ್ತು. ರದ್ದು ಮಾಡಲಿಲ್ಲ. ಅಲ್ಲೇ ನಡೆಸಿದರು. ಆ ವರ್ಷ 1 ಕೋಟಿ 45 ಲಕ್ಷ ಪ್ರವಾಸಿಗರ ದಾಖಲೆ ಬರೆಯಿತು. ಮರಾಕೆಶ್ ಬೇಗ ಎದ್ದು ನಿಂತಿತು. ಅಲ್ಲಿಂದ ಕೆಲವೇ ಗಂಟೆ ದೂರದ ಬೆಟ್ಟದ ಹಳ್ಳಿಗಳಲ್ಲಿ ಎಷ್ಟೋ ಕುಟುಂಬಗಳು ವರ್ಷ ಕಳೆದರೂ ಡೇರೆಯಲ್ಲೇ ಇದ್ದವು. ದೇಶದ ಪ್ರವಾಸೋದ್ಯಮ ಚೇತರಿಸಿಕೊಂಡಿತು ಅನ್ನುವ ವಾಕ್ಯದಲ್ಲಿ ಆ ಹಳ್ಳಿಗಳು ಇಲ್ಲ.

ನೀರಿನದ್ದು ನಿಧಾನದ ಪೆಟ್ಟು. ವರ್ಷಗಟ್ಟಲೆ ಸತತ ಬರ ಬಿದ್ದು, 2024ರ ಶುರುವಿನಲ್ಲಿ ಹಲವು ಊರುಗಳ ಹಮ್ಮಾಮ್‌ಗಳಿಗೆ ವಾರದಲ್ಲಿ ಮೂರು ದಿನ ಬಾಗಿಲು ಹಾಕಬೇಕು ಅಂತ ಆದೇಶವಾಯಿತು. ಮನೆಯಲ್ಲಿ ಬಿಸಿನೀರಿಲ್ಲದ ಬಡವರಿಗೆ ಹಮ್ಮಾಮ್ ಶೋಕಿಯಲ್ಲ, ವಾರದ ಸ್ನಾನ. ಅದೇ ಮರಾಕೆಶ್ ಸುತ್ತ ಹಸಿರು ಗಾಲ್ಫ್ ಮೈದಾನಗಳಿವೆ. ಸಂಸ್ಕರಿಸಿದ ಚರಂಡಿ ನೀರು ಬಳಸುತ್ತೇವೆ ಅನ್ನುವ ಉತ್ತರ ಇದೆ, ಅದಕ್ಕೆ ಬೇಕಾದ ಘಟಕವೂ ಇದೆ. ಆದರೂ ಬಾಗಿಲು ಹಾಕಿದ ಹಮ್ಮಾಮಿನ ಮುಂದೆ ನಿಂತವರಿಗೆ ಆ ಉತ್ತರ ಎಷ್ಟು ಸಮಾಧಾನ ಕೊಟ್ಟೀತು?

2030ರ ಲೆಕ್ಕ

2025ರಲ್ಲಿ ಪ್ರವಾಸಿಗರ ಸಂಖ್ಯೆ 2 ಕೋಟಿಯ ಹತ್ತಿರ ಬಂತು. 2010ರಲ್ಲಿ ಹಾಕಿಕೊಂಡ ‘ಮುನ್ನೋಟ 2020’ರ ಗುರಿ ಇದೇ 2 ಕೋಟಿ. ಐದು ವರ್ಷ ತಡವಾಗಿ ಅದರ ಬಾಗಿಲಿಗೆ ಬಂದು ನಿಂತರು. ಈಗಿನ ಗುರಿ 2030ಕ್ಕೆ 2 ಕೋಟಿ 60 ಲಕ್ಷ. ಆ ವರ್ಷ ಸ್ಪೇನ್, ಪೋರ್ಚುಗಲ್ ಜೊತೆ ಸೇರಿ ಮೊರಾಕೊ ಫುಟ್‌ಬಾಲ್ ವಿಶ್ವಕಪ್ ನಡೆಸುತ್ತದೆ. ಕಾಸಾಬ್ಲಾಂಕಾದ ಹತ್ತಿರ 1,15,000 ಆಸನಗಳ ಸ್ಟೇಡಿಯಂ ಏಳುತ್ತಿದೆ. 2018ರಿಂದ ಟ್ಯಾಂಜಿಯರ್ ಮತ್ತು ಕಾಸಾಬ್ಲಾಂಕಾ ನಡುವೆ ಓಡುವ ಅಲ್ ಬೊರಾಕ್ ವೇಗದ ರೈಲನ್ನು ಮರಾಕೆಶ್‌ವರೆಗೆ ಒಯ್ಯಲು ಸುಮಾರು 430 ಕಿಲೋಮೀಟರ್ ಹೊಸ ಹಳಿ ಹಾಕುತ್ತಿದ್ದಾರೆ.

2025ರ ಸೆಪ್ಟೆಂಬರ್ ಕೊನೆಗೆ ಮೊರಾಕೊದ ಹುಡುಗ ಹುಡುಗಿಯರು ಬೀದಿಗಿಳಿದರು. ಅಗಾದಿರ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರ ಸಾವು ಕಿಡಿ ಹೊತ್ತಿಸಿತ್ತು. ಸ್ಟೇಡಿಯಂ ಇದೆ, ಆಸ್ಪತ್ರೆ ಎಲ್ಲಿ ಅಂತ ಕೂಗಿದರು. ಐವತ್ತು ವರ್ಷಕ್ಕೂ ಮೇಲೆ ಪ್ರವಾಸಿಗರನ್ನು ಕರೆದ ಅದೇ ಅಗಾದಿರ್. ವಿಶ್ವಕಪ್ ಬೇಡ ಅನ್ನುವುದು ಅವರ ಮಾತಾಗಿರಲಿಲ್ಲ. ಹೊರಗಿನವರಿಗೆ ಮಾಡುವ ವೇಗದಲ್ಲಿ ನಮಗೂ ಮಾಡಿ ಅನ್ನುವುದಾಗಿತ್ತು.

ವಿಶ್ವಕಪ್ ಬಂದಾಗ ಆ ಹಳೇ ಲೆಕ್ಕ ಮತ್ತೆ ಕಾಡುತ್ತದೆ. ಟ್ಯಾಂಜಿಯರ್‌ನಲ್ಲಿ ಪಂದ್ಯ. ಸ್ಪೇನಿನ ತರೀಫಾದಿಂದ ಒಬ್ಬ ಬೆಳಗಿನ ದೋಣಿ ಹತ್ತುತ್ತಾನೆ. ಒಂದು ಗಂಟೆಯ ದಾರಿ. ಪುದೀನ ಚಹಾ ಕುಡಿಯುತ್ತಾನೆ, ಊಟ ಮಾಡುತ್ತಾನೆ, ಜರ್ಸಿ ಕೊಳ್ಳುತ್ತಾನೆ, ಟ್ಯಾಕ್ಸಿಯವನ ಜೊತೆ ಚೌಕಾಸಿ ಮಾಡಿ ಸೋಲುತ್ತಾನೆ. ಪಂದ್ಯ ಮುಗಿಸಿ ರಾತ್ರಿಯೇ ವಾಪಸ್. ಒಂದು ರಾತ್ರಿಯೂ ತಂಗಲಿಲ್ಲವಾದ್ದರಿಂದ ವ್ಯಾಖ್ಯೆಯ ಪ್ರಕಾರ ಅವನು ಪ್ರವಾಸಿಯೇ ಅಲ್ಲ. ಅದೇ ದೋಣಿಯಲ್ಲಿ ರೋಟರ್‌ಡ್ಯಾಮ್‌ನಿಂದ ಬಂದ ಮೊಮ್ಮಗನೊಬ್ಬ ಇರುತ್ತಾನೆ. ಟಿಕೆಟ್ ಸಿಗದೆ ಅಜ್ಜಿ ಮನೆಯ ಟಿವಿಯಲ್ಲೇ ಪಂದ್ಯ ನೋಡುತ್ತಾನೆ. ಅಜ್ಜಿ ಹಾಕಿದ ಹಾಸಿಗೆಯಲ್ಲಿ ಮಲಗುತ್ತಾನೆ. 2 ಕೋಟಿ 60 ಲಕ್ಷದಲ್ಲಿ ಅವನೂ ಒಬ್ಬ.